ಕಸಬರಿಗೆ ಹಿಡಿದ ಗಾಡಗೆ ಬಾಬಾ

ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯಲ್ಲಿ ಶೇಂಡಗಾಂವ ಎಂಬ ಸಣ್ಣ ಹಳ್ಳಿ ಇದೆ. ಅಲ್ಲಿ 1876ನೇ ಇಸವಿ ಫೆಬ್ರುವರಿ 23ರಂದು ಬಟ್ಟೆ ಒಗೆಯುವವರ ಮನೆಯಲ್ಲಿ ಗಾಡಗೆ ಬಾಬಾ ಹುಟ್ಟಿದರು. ತಂದೆ ಝಿಂಗರಾಜಿ, ತಾಯಿ ಸಖೂಬಾಯಿ. ಅವರ ಮೊದಲಿನ ಹೆಸರು ಡೇಬೂಜಿ. ತಂದೆ ಸೆರೆ ಕುಡಿದು ಕುಡಿದು ಬೇಗನೆ ತೀರಿಕೊಂಡರು. ತಾಯಿ ಮಗ ಇಬ್ಬರೂ ದಾಪುರೆ ಎಂಬ ಊರಿನಲ್ಲಿದ್ದ ಸೋದರಮಾವನ ಮನೆ ಸೇರಿದರು. ಡೇಬೂಜಿ ದನ ಕಾಯ್ದರು, ಹೊಲದಾಗ ದುಡಿದರು. ಸಾಲಿ ಕಲಿಯಲಿಲ್ಲ.

ಮದುವೆಯಾಗಿ ಮಕ್ಕಳಾದ ಮೇಲೆ 1905ರಲ್ಲಿ ಅವರು ಮನೆ ಬಿಟ್ಟು ಹೊರಟರು. ಮೈಮೇಲೆ ಚಿಂದಿ ಬಟ್ಟೆ, ಕೈಯಲ್ಲಿ ಕಸಬರಿಗೆ, ತಲೆಯ ಮೇಲೆ ಒಡಕು ಮಣ್ಣಿನ ಗಡಿಗೆ. ಉಣ್ಣಲಿಕ್ಕೂ ಅದೇ, ಟೊಪ್ಪಿಗೆಯೂ ಅದೇ. ಮರಾಠಿಯಲ್ಲಿ ಅದಕ್ಕೆ ಗಾಡಗೆ ಅಂತಾರೆ. ನಮ್ಮ ಮಾತಿಗೆ ಎಷ್ಟು ಹತ್ತಿರ ನೋಡಿರಿ! ಅದಕ್ಕೇ ಜನ ಅವರನ್ನು ಗಾಡಗೆ ಬಾಬಾ ಅಂತ ಕರೆದರು.

ಬಾಬಾ ಯಾವುದೇ ಊರಿಗೆ ಬಂದರೂ ಮೊದಲು ಭಾಷಣ ಮಾಡುತ್ತಿರಲಿಲ್ಲ. ಸುಮ್ಮನೆ ಓಣಿ ಕಸ ಹೊಡೆಯುತ್ತಿದ್ದರು, ಗಟಾರ ಬಳಿಯುತ್ತಿದ್ದರು. ಆ ಕಾಲದಲ್ಲಿ ಇಂಥ ಕೆಲಸ ಕೀಳು ಜಾತಿಯವರದು ಅಂತ ಉಳಿದವರು ಮುಟ್ಟುತ್ತಿರಲಿಲ್ಲ. ಗೆಳೆಯರೇ, ಈಗೂ ನಮ್ಮಲ್ಲಿ ಕಸ ಹೊಡೆಯುವ ಪಾಳಿ ಬಂದರೆ ಗಂಡುಹುಡುಗರು ಕಸಬರಿಗೆಯನ್ನು ಹುಡುಗಿಯರ ಕೈಗೆ ಕೊಟ್ಟು ಓಡಿಹೋಗ್ತಾರೆ. ಬಾಬಾ ಗಂಡಸರೇ, ಆದರೂ ಐವತ್ತು ವರ್ಷ ಕಸಬರಿಗೆ ಕೆಳಗಿಡಲಿಲ್ಲ.

ಹಗಲು ಊರು ಸ್ವಚ್ಛ ಆದ ಮೇಲೆ ರಾತ್ರಿ ಕೀರ್ತನೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಸಂಸ್ಕೃತ ಶ್ಲೋಕ ಹೇಳಿ ಅರ್ಥ ಬಿಡಿಸುವವರಲ್ಲ. ಆ ಸೀಮೆಯ ವರ್ಹಾಡಿ ಎಂಬ ಹಳ್ಳಿ ಮರಾಠಿಯಲ್ಲೇ, ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ನಡುನಡುವೆ ಕೂತವರಿಗೆ ಪ್ರಶ್ನೆ ಕೇಳುತ್ತಿದ್ದರು, ಜನರೇ ಉತ್ತರ ಹೇಳಬೇಕು. ನನಗೆ ಇದು ಬಹಳ ಜಾಣತನ ಅನ್ನಿಸಿತು. ತನ್ನ ಬಾಯಿಂದಲೇ ಉತ್ತರ ಹೇಳಿದವನು ಮನೆಗೆ ಹೋಗಿ ಮರೆಯುವುದು ಹೇಗೆ? ಊರು, ಮೈ, ಬಟ್ಟೆ ಸ್ವಚ್ಛ ಇಡಿರಿ, ಸೆರೆ ಬಿಡಿರಿ, ಸಾಲ ಮಾಡಿ ಹಬ್ಬ ಮದುವೆ ಮಾಡಬೇಡಿರಿ, ದೇವರ ಹೆಸರಿನಲ್ಲಿ ಕುರಿ ಕೋಳಿ ಕಡಿಯಬೇಡಿರಿ, ಯಾರನ್ನೂ ಮುಟ್ಟಿಸಿಕೊಳ್ಳದೆ ದೂರ ಇಡಬೇಡಿರಿ ಎಂದು ಕಲಿಸಿದರು. ಉಣ್ಣುವ ತಾಟು ಮಾರಿಯಾದರೂ ಮಕ್ಕಳನ್ನು ಸಾಲಿಗೆ ಕಳಿಸಬೇಕೆಂದು ತಂದೆತಾಯಿಗೆ ಹೇಳುತ್ತಿದ್ದರು.

ಜನ ಕೊಟ್ಟ ದುಡ್ಡನ್ನು ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಪೂರ್ಣಾ ನದಿ ದಂಡೆಯ ಋಣಮೋಚನದಲ್ಲಿ ಸ್ನಾನಘಟ್ಟ ಕಟ್ಟಿಸಿದರು. ನಾಸಿಕ, ಆಳಂದಿ ಮುಂತಾದ ಕಡೆ ಧರ್ಮಶಾಲೆ ಮಾಡಿಸಿದರು. ನಮ್ಮ ಕಡೆಯ ಜನರೂ ಏಕಾದಶಿಗೆ ಹೋಗುವ ಪಂಢರಪುರದಲ್ಲಿ ಆಗ ಅಸ್ಪೃಶ್ಯರೆನಿಸಿಕೊಂಡವರಿಗೆ ತಂಗಲು ಜಾಗ ಇರಲಿಲ್ಲ. ಅವರಿಗಾಗಿ ಸಂತ ಚೋಖಾಮೇಳನ ಹೆಸರಿನಲ್ಲಿ ಧರ್ಮಶಾಲೆ ಕಟ್ಟಿಸಿ, ಮುಂದೆ ಅದನ್ನು ಡಾ. ಅಂಬೇಡ್ಕರರ ಶಿಕ್ಷಣ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂಬೇಡ್ಕರರಿಗೆ ಬಾಬಾ ಮೇಲೆ ಬಹಳ ಗೌರವ ಇತ್ತು.

1956ನೇ ಇಸವಿ ಡಿಸೆಂಬರ್ 6ರಂದು ಅಂಬೇಡ್ಕರರು ತೀರಿಕೊಂಡರು. ಅದಾಗಿ ಹದಿನಾಲ್ಕೇ ದಿನಕ್ಕೆ, ಡಿಸೆಂಬರ್ 20ರಂದು, ಅಮರಾವತಿಗೆ ಹೋಗುವ ದಾರಿಯಲ್ಲಿ ವಲಗಾಂವ ಹತ್ತಿರ ಬಾಬಾ ಕೂಡ ಪ್ರಾಣ ಬಿಟ್ಟರು. ಆಗ ಅವರಿಗೆ 80 ವರ್ಷ. ಅಮರಾವತಿಯ ವಿಶ್ವವಿದ್ಯಾಲಯಕ್ಕೆ ಈಗ ಅವರ ಹೆಸರು ಇಟ್ಟಿದ್ದಾರೆ.