ಮನೆಯೇ ಪಾಠಶಾಲೆಯಾದ ವಿಜ್ಞಾನಿ: ಆಲಿವರ್ ಹೆವಿಸೈಡ್

ದೂರದ ಊರಿನಲ್ಲಿರುವ ಗುರುಗಳ ಪಾಠವನ್ನು ಮನೆಯಲ್ಲೇ ಕುಳಿತು ಕೇಳುವ ಅನುಕೂಲ ಈಗ ನಮಗೆ ಒದಗಿದೆ. ಬೇಡವೆನಿಸಿದಾಗ ಪಾಠವನ್ನು ನಿಲ್ಲಿಸಿಬಿಡುವ ಅನುಕೂಲವೂ ಅದರ ಜೊತೆಗೇ ಬಂದಿದೆ! ಇಂತಹ ಯಾವ ಸೌಕರ್ಯವೂ ಇಲ್ಲದ ಕಾಲದಲ್ಲಿ, ಕಾಲೇಜಿನ ಮೆಟ್ಟಿಲನ್ನೇ ಹತ್ತದೆ, ತಂತಿಯಲ್ಲಿ ಹರಿಯುವ ಸಂಕೇತಗಳ ಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದವನು ಆಲಿವರ್ ಹೆವಿಸೈಡ್. ಅವನ ಜೀವನವನ್ನು ನಾವು ಅರಿಯಬೇಕು.

ಹೆವಿಸೈಡನು 1850ರ ಮೇ 18ರಂದು ಲಂಡನ್ನಿನ ಕ್ಯಾಮ್ಡನ್ ಟೌನಿನಲ್ಲಿ ಜನಿಸಿದನು. ತಂದೆ ಮರದ ಅಚ್ಚು ಕೆತ್ತುವವನು. ಮನೆಯಲ್ಲಿ ಬಡತನ. ಬಾಲ್ಯದಲ್ಲಿ ತಗಲಿದ ಜ್ವರದಿಂದ ಹುಡುಗನ ಕಿವಿ ಮಂದವಾಯಿತು. ಇದರಿಂದ ಓರಗೆಯವರೊಡನೆ ಬೆರೆಯುವುದೂ ಕಷ್ಟವಾಯಿತು. ಓದಿನಲ್ಲಿ ಜಾಣನಾಗಿದ್ದರೂ ಹದಿನಾರನೆಯ ವಯಸ್ಸಿಗೆ ಅವನ ಶಾಲೆ ಮುಗಿಯಿತು. ತಂತಿ ಸಂಪರ್ಕದಲ್ಲಿ ಹೆಸರಾಂತ ವಿಜ್ಞಾನಿಯಾದ ಚಾರ್ಲ್ಸ್ ವೀಟ್‌ಸ್ಟನ್ ಅವನ ತಾಯಿಯ ಸೋದರಿಯ ಗಂಡ. ಈ ಬಂಧುವಿನ ಪ್ರೋತ್ಸಾಹದಿಂದ ಹುಡುಗನು ಮನೆಯಲ್ಲೇ ಭಾಷೆಗಳನ್ನೂ ತಂತಿಯ ಕೆಲಸವನ್ನೂ ಕಲಿತು, 1868ರಲ್ಲಿ ಡೆನ್ಮಾರ್ಕಿಗೆ ತಂತಿ ಕೆಲಸಗಾರನಾಗಿ ಹೋದನು. ಮುಂದೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ದುಡಿದನು.

1873ರಲ್ಲಿ ಮ್ಯಾಕ್ಸ್‌ವೆಲ್ಲನು ವಿದ್ಯುತ್ತು ಮತ್ತು ಕಾಂತತ್ವವನ್ನು ಕುರಿತು ಬರೆದ ಮಹಾಗ್ರಂಥ ಪ್ರಕಟವಾಯಿತು. ಅದನ್ನು ಕಂಡ ಹೆವಿಸೈಡನಿಗೆ ಅರ್ಥವಾದದ್ದು ಅತ್ಯಲ್ಪ. ಆದರೂ ಅವನು ಪುಸ್ತಕವನ್ನು ಬದಿಗಿಡಲಿಲ್ಲ. 1874ರಲ್ಲಿ ಕೆಲಸ ಬಿಟ್ಟು ತಂದೆತಾಯಿಯರ ಮನೆಗೆ ಮರಳಿದನು. ಬೇಕಾದ ಗಣಿತವನ್ನು ತಾನೇ ಕಲಿತು, ಹಲವು ವರ್ಷ ಆ ಗ್ರಂಥದೊಡನೆ ಸೆಣಸಿದನು. ಮ್ಯಾಕ್ಸ್‌ವೆಲ್ಲನ ಹೆಸರಿನಲ್ಲಿ ಇಂದು ಕಾಲೇಜುಗಳಲ್ಲಿ ಕಲಿಸುವ ನಾಲ್ಕು ಸಮೀಕರಣಗಳು, ಹತ್ತಾರು ಸಮೀಕರಣಗಳನ್ನು ಹೆವಿಸೈಡನು ಅಡಕಗೊಳಿಸಿದ್ದರ ಫಲ.

ಆ ಕಾಲದ ದೊಡ್ಡ ಸಮಸ್ಯೆಯೊಂದಿತ್ತು. ಬಹುದೂರದ ತಂತಿಯ ಒಂದು ತುದಿಯಲ್ಲಿ ಸ್ಪಷ್ಟವಾಗಿ ಕಳುಹಿಸಿದ ಸಂಕೇತ ಇನ್ನೊಂದು ತುದಿಯಲ್ಲಿ ಕಲಸಿಹೋಗುತ್ತಿತ್ತು. ಒಂದು ಸಂಕೇತದಲ್ಲಿ ಶೀಘ್ರವಾಗಿ ಕಂಪಿಸುವ ಅಲೆಗಳೂ ನಿಧಾನವಾಗಿ ಕಂಪಿಸುವ ಅಲೆಗಳೂ ಕೂಡಿರುತ್ತವೆ. ಜಾತ್ರೆಗೆ ಒಟ್ಟಾಗಿ ಹೊರಟವರಲ್ಲಿ ಕೆಲವರು ಮುಂದೆ ಓಡಿ, ಕೆಲವರು ಹಿಂದುಳಿದು, ಕೆಲವರು ದಾರಿಯಲ್ಲೇ ಬಳಲಿದರೆ ಗುಂಪು ಹೇಗೆ ಚದರುವುದೋ ಹಾಗೆಯೇ ಈ ಅಲೆಗಳೂ ಚದರುತ್ತಿದ್ದವು. ತಂತಿಗೆ ತಕ್ಕ ಪ್ರಮಾಣದ ವಿದ್ಯುತ್ ಪ್ರೇರಣೆಯನ್ನು ಸೇರಿಸಿದರೆ ಅಲೆಗಳೆಲ್ಲ ಒಂದೇ ವೇಗದಲ್ಲಿ ಸಾಗಿ, ಒಂದೇ ಪ್ರಮಾಣದಲ್ಲಿ ಕುಗ್ಗಿ, ಸಂಕೇತದ ಆಕಾರ ಕೆಡದೆ ಉಳಿಯುವುದೆಂದು 1887ರಲ್ಲಿ ಹೆವಿಸೈಡನು ಗಣಿತದಿಂದ ತೋರಿಸಿದನು.

ಆದರೆ ಅಂಚೆ ಇಲಾಖೆಯ ದೊಡ್ಡ ಅಧಿಕಾರಿ ವಿಲಿಯಂ ಪ್ರೀಸನ ಮತ ಇದಕ್ಕೆ ತೀರ ವಿರುದ್ಧವಾಗಿತ್ತು. ಪ್ರೇರಣೆಯೇ ತಂತಿಯ ಶತ್ರುವೆಂದು ಅವನು ನಂಬಿದ್ದನು. ಹೆವಿಸೈಡನ ಲೇಖನಕ್ಕೆ ತಡೆಯೊಡ್ಡಲಾಯಿತು. ಮುಂದೆ 1900ರಲ್ಲಿ, ತಂತಿಯ ಉದ್ದಕ್ಕೂ ಸುರುಳಿಗಳನ್ನು ಜೋಡಿಸುವ ಉಪಾಯಕ್ಕೆ ಅಮೆರಿಕದಲ್ಲಿ ಮೈಕೆಲ್ ಪುಪಿನ್ ಪೇಟೆಂಟ್ ಪಡೆದು ಶ್ರೀಮಂತನಾದನು. ಸಿದ್ಧಾಂತ ಕೊಟ್ಟವನು ಬಡವನಾಗಿಯೇ ಉಳಿದನು.

ಮನ್ನಣೆ ಬಾರದೆ ಇರಲಿಲ್ಲ. 1891ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1922ರಲ್ಲಿ ಮೊತ್ತಮೊದಲ ಫ್ಯಾರಡೆ ಪದಕವೂ ಅವನಿಗೆ ದೊರೆತವು. ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಪದರವೊಂದು ಆಕಾಶದಲ್ಲಿರಬಹುದೆಂದು 1902ರಲ್ಲಿ ಅವನು ಊಹಿಸಿದ್ದನು. 1924ರಲ್ಲಿ ಪ್ರಯೋಗಗಳು ಅದನ್ನು ದೃಢಪಡಿಸಿದವು. ಮರುವರ್ಷ ಫೆಬ್ರವರಿ 3ರಂದು, ಅವಿವಾಹಿತನೂ ಏಕಾಂಗಿಯೂ ಆಗಿದ್ದ ಈ ವೃದ್ಧನು ಟಾರ್ಕಿಯಲ್ಲಿ ಕಣ್ಮುಚ್ಚಿದನು.

ಒಂಟಿಯಾಗಿ ಕಲಿತುದರ ಬೆಲೆಯನ್ನೂ ಅವನು ತೆತ್ತನು. ತಾನೇ ಕಂಡುಕೊಂಡ ಗಣಿತದ ವಿಧಾನಗಳಿಗೆ ಸಾಕಷ್ಟು ಸಾಧನೆ ಕೊಡದೆ ಮುಂದೆ ಸಾಗುತ್ತಿದ್ದುದರಿಂದ ಅವನ ಬರಹ ಪಂಡಿತರಿಗೂ ಕಠಿಣವಾಗಿತ್ತು. 1894ರಲ್ಲಿ ರಾಯಲ್ ಸೊಸೈಟಿಯೇ ಅವನ ಲೇಖನವೊಂದನ್ನು ಪ್ರಕಟಿಸಲು ಒಪ್ಪಲಿಲ್ಲ. ಆದುದರಿಂದ ಈ ಜೀವನದಿಂದ ನಾವು ಕಲಿಯಬೇಕಾದುದು ಎರಡು. ಅರ್ಥವಾಗದ ಪುಸ್ತಕವನ್ನು ಮುಚ್ಚಿಡದೆ ಮತ್ತೆ ಮತ್ತೆ ಓದುವ ಛಲ ಒಂದು. ಅರ್ಥವಾದುದನ್ನು ಪಕ್ಕದವನಿಗೂ ತಿಳಿಯುವಂತೆ ಹೇಳುವ ಅಭ್ಯಾಸ ಇನ್ನೊಂದು. ಮೊದಲನೆಯದು ಹೆವಿಸೈಡನಲ್ಲಿ ತುಂಬಿ ತುಳುಕಿತ್ತು. ಎರಡನೆಯದನ್ನು ರೂಢಿಸಿಕೊಳ್ಳಲು ನಮಗೆ ತರಗತಿಯಿದೆ, ಗುರುಗಳಿದ್ದಾರೆ, ಗೆಳೆಯರಿದ್ದಾರೆ.