ಸೈಕಲ್ ಅಂಗಡಿಯಿಂದ ಕಾರ್ಖಾನೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಒಂದು ಸಲ ಸುಮ್ಮನೆ ನಂಬರ್ ಪ್ಲೇಟ್ ಓದಿಕೊಂಡು ನಡೆದು ನೋಡಿ. ಚಿಕ್ಕೋಡಿಯ ಕೆಎ-23 ಪಕ್ಕದಲ್ಲೇ ಕೊಲ್ಹಾಪುರದ ಎಂಎಚ್-09, ಅದರ ಪಕ್ಕ ಸಾಂಗಲಿಯ ಎಂಎಚ್-10. ನಿಪ್ಪಾಣಿ, ಕಾಗವಾಡ ಕಡೆಯಿಂದ ಬರೋರಿಗೆ ಇದೇನು ಹೊಸದಲ್ಲ. ಗಾಡಿ ಎಷ್ಟು ಸಿಸಿ ಅಂತ ಕೇಳೋ ಮುಂಚೆ ಯಾವ ಪಾಸಿಂಗ್ ಅಂತ ಕೇಳೋ ಊರುಗಳು ನಮ್ಮವು.

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಗುಂಪಿನ ಒಬ್ಬನ ಮನೆಯವರು ಮಹಾರಾಷ್ಟ್ರದಿಂದ ಅಥಣಿಗೆ ಬಂದು ನೆಲೆಸಿದರು. ಅವನ ಬೈಕ್ ಎಂಎಚ್ ಪಾಸಿಂಗ್. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಹಳೇ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು, ಹೊಸ ನಂಬರ್ ತಗೋಬೇಕು. ಇನ್ನು ಹೊರದೇಶದಿಂದ ಕಾರು ತರೋದಾದ್ರೆ ಕೇಳೋದೇ ಬೇಡ. ಬಂದರಿನಲ್ಲಿ ಕಸ್ಟಮ್ಸ್ ಸುಂಕ, ಬಿಲ್ ಆಫ್ ಎಂಟ್ರಿ, ಸ್ಟೀರಿಂಗ್ ಬಲಗಡೆ ಇದೆಯಾ ಅನ್ನೋ ತಪಾಸಣೆ, ಇಷ್ಟೆಲ್ಲ ಆದಮೇಲೆ ಆರ್‌ಟಿಒ. ಕ್ಯಾಂಟೀನಿನಲ್ಲಿ ಕೂತು ಈ ಕಾಗದಗಳ ಲೆಕ್ಕ ಹಾಕ್ತಾ ಇದ್ದಾಗ ನಮಗೆ ಒಂದು ಪ್ರಶ್ನೆ ಬಂತು. ಹೊರಗಿನಿಂದ ಬಂದ ಯಂತ್ರ ನಿಜವಾಗಿ ನಮ್ಮದಾಗೋದು ಯಾವಾಗ? ನಂಬರ್ ಸಿಕ್ಕಾಗಲಾ?

ಇದಕ್ಕೆ ಉತ್ತರ ನಮ್ಮದೇ ಜಿಲ್ಲೆಯಲ್ಲಿ ಹುಟ್ಟಿದ ಒಬ್ಬರ ಜೀವನದಲ್ಲಿದೆ ಅಂತ ನಮಗೆ ಅನ್ನಿಸ್ತು. ಅವರ ಹೆಸರನ್ನ ಹೊಲದ ಪಂಪಿನ ಮೇಲೆ ನಾವೆಲ್ಲ ಓದಿದ್ದೀವಿ. ಅದರ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನೋದನ್ನ ಮಾತ್ರ ಯೋಚನೆ ಮಾಡಿರಲಿಲ್ಲ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಓದಿನಲ್ಲಿ ಅಷ್ಟಕ್ಕಷ್ಟೇ. ಅವರ ಗಮನವೆಲ್ಲ ಚಿತ್ರ ಬಿಡಿಸೋದು ಮತ್ತು ಯಂತ್ರಗಳ ಕಡೆ. ಚಿತ್ರಕಲೆ ಕಲಿಯೋಕೆ ಮುಂಬೈಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಅಲ್ಲಿ ಗೊತ್ತಾಯ್ತು, ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ಕಾಣೋದಿಲ್ಲ ಅಂತ. ಚಿತ್ರಕಾರ ಆಗಬೇಕು ಅಂತ ಮನೆ ಬಿಟ್ಟು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಏನಿರುತ್ತೆ? ಆದರೆ ಅವರು ಊರಿಗೆ ವಾಪಸ್ ಬರಲಿಲ್ಲ. ಬಣ್ಣ ಬೇಕಾಗದ ಚಿತ್ರ ಯಾವುದು ಅಂತ ನೋಡಿದರು. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತರು. ಮುಂದೆ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ನಾವು ಇವತ್ತು ವಿಜೆಟಿಐ ಅನ್ನೋ ಸಂಸ್ಥೆಯಲ್ಲಿ, ಅದನ್ನೇ ಕಲಿಸೋ ಮೇಷ್ಟ್ರಾದರು. ಮೊದಲ ವರ್ಷದ ಡ್ರಾಯಿಂಗ್ ಪೇಪರಿಗೆ ಹೆದರಿದ ನಮ್ಮಂಥವರು ಇದನ್ನ ನೆನಪಿಟ್ಟುಕೊಳ್ಳಬೇಕು.

ಈಗ ಸೈಕಲ್ ವಿಷಯಕ್ಕೆ ಬರೋಣ. 1885ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆಯ, ಚೈನ್ ಇರೋ ರೋವರ್ ಸೈಕಲ್ ಬಂದಿತ್ತು. 1888ರಲ್ಲಿ ಬೆಲ್‌ಫಾಸ್ಟ್‌ನ ಡನ್ಲಪ್ ಗಾಳಿ ತುಂಬಿದ ಟೈರ್ ಮಾಡಿದ್ದ. ಅದೇ 1888ರಲ್ಲಿ ಲಕ್ಷ್ಮಣರಾವ್ ಮತ್ತು ಅವರ ಅಣ್ಣ ರಾಮಚಂದ್ರರಾವ್ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅಂಗಡಿಯ ಹೆಸರು ಕಿರ್ಲೋಸ್ಕರ್ ಬ್ರದರ್ಸ್. ಹೊರದೇಶದಿಂದ ಮುಂಬೈಗೆ ಬಂದಿಳಿದ ಸೈಕಲ್‌ಗಳನ್ನ ತಮ್ಮ ಅಲ್ಲಿಂದ ಕಳಿಸೋದು, ಅಣ್ಣ ಬೆಳಗಾವಿಯಲ್ಲಿ ಮಾರೋದು. ಒಂದು ಸೈಕಲಿಗೆ 700ರಿಂದ 1000 ರೂಪಾಯಿ! ಅದು ಆಗಿನ ರೂಪಾಯಿ, ತಪ್ಪು ತಿಳೀಬೇಡಿ. ಓಡಿಸೋಕೆ ಕಲಿಸಿದ್ದಕ್ಕೆ ಬೇರೆ 15 ರೂಪಾಯಿ ಫೀಸು. ದೊಡ್ಡ ಅಧಿಕಾರಿಗಳು, ವಕೀಲರು, ಶ್ರೀಮಂತರು ಬಿಟ್ಟರೆ ಯಾರು ಕೊಳ್ಳಬೇಕು?

ಬರೀ ಮಾರಿಕೊಂಡೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಒಂದು ಮಾತು ಗಮನಿಸಿ. ಪರದೇಶದ ಯಂತ್ರ ಊರಿಗೆ ಬಂದರೆ ಅದರ ಜೊತೆ ರಿಪೇರಿಯೂ ಬರುತ್ತೆ. ಚೈನ್ ಕಡಿದರೆ, ಬೇರಿಂಗ್ ಸವೆದರೆ ಬರ್ಮಿಂಗ್‌ಹ್ಯಾಮಿಗೆ ಕಳಿಸೋಕಾಗುತ್ತಾ? ಇಲ್ಲೇ ಬಿಚ್ಚಬೇಕು, ಇಲ್ಲೇ ಸರಿ ಮಾಡಬೇಕು.

ಇತ್ತ ಮುಂಬೈಯಲ್ಲಿ ಇನ್ನೊಂದು ಪೆಟ್ಟು. ಅವರಿಗೆ ಸಿಗಬೇಕಿದ್ದ ಬಡ್ತಿಯನ್ನ ಒಬ್ಬ ಆಂಗ್ಲೋ-ಇಂಡಿಯನ್‌ಗೆ ಕೊಟ್ಟರು. 1897ರಲ್ಲಿ ಲಕ್ಷ್ಮಣರಾವ್ ನೌಕರಿ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ಸೈಕಲ್ ಅಂಗಡಿ ಇದ್ದ ರಸ್ತೆಗೆ ಇವತ್ತೂ ಕಿರ್ಲೋಸ್ಕರ್ ರೋಡ್ ಅಂತಲೇ ಹೆಸರು. ಬೆಳಗಾವಿಗೆ ಬಟ್ಟೆ ಖರೀದಿಗೆ ಹೋದಾಗ ನಾವೆಲ್ಲ ಓಡಾಡಿರೋ ರಸ್ತೆ ಅದು.

ಸೈಕಲ್ ಶ್ರೀಮಂತರ ವಸ್ತು. ಅವರ ಕಣ್ಣು ಈಗ ರೈತನ ಕಡೆ ತಿರುಗಿತು. ಮೊದಲು ಮೇವು ಕತ್ತರಿಸೋ ಯಂತ್ರ ಮಾಡಿದರು. ಆಮೇಲೆ, 1903ರ ಸುಮಾರಿಗೆ, ಕಬ್ಬಿಣದ ನೇಗಿಲು. ನಮ್ಮ ಕಟ್ಟಿಗೆ ನೇಗಿಲು ನೆಲವನ್ನ ಸೀಳಿಕೊಂಡು ಹೋಗುತ್ತೆ ಅಷ್ಟೇ, ಮಣ್ಣನ್ನ ಮಗುಚೋದಿಲ್ಲ. ಕಬ್ಬಿಣದ ನೇಗಿಲಿಗೆ ಒಂದು ಬಾಗಿದ ರೆಕ್ಕೆ ಇರುತ್ತೆ. ಅದು ಕತ್ತರಿಸಿದ ಮಣ್ಣಿನ ಹೆಂಟೆಯನ್ನ ಪೂರ್ತಿ ಮಗುಚಿ ಹಾಕುತ್ತೆ. ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತೆ. ಇಂಗ್ಲೆಂಡಿನಲ್ಲಿ ಇಂಥವು ಆಗಲೇ ಇದ್ದವು. ಇಲ್ಲಿನ ಎತ್ತಿಗೆ, ಇಲ್ಲಿನ ಎರೆಮಣ್ಣಿಗೆ ಹೊಂದೋ ಹಾಗೆ ಇಲ್ಲೇ ಎರಕ ಹೊಯ್ಯೋದು ಹೊಸ ಸಾಹಸ.

ಆದರೆ ಕೊಳ್ಳೋರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅನ್ನೋ ನಂಬಿಕೆ ರೈತರಲ್ಲಿತ್ತು. ಮೊದಲು ಮಾಡಿದ ಬೆರಳೆಣಿಕೆಯ ನೇಗಿಲುಗಳು ಮಾರಾಟವಾಗೋಕೆ ಎರಡು ವರ್ಷ ಹಿಡೀತು. ಎರಡು ವರ್ಷ! ನಾವು ಮಿನಿ ಪ್ರಾಜೆಕ್ಟ್ ಒಂದು ವಾರ ಕೈಕೊಟ್ಟರೆ ಟಾಪಿಕ್ಕೇ ಬದಲಾಯಿಸ್ತೀವಿ.

ನೇಗಿಲು ನಿಧಾನಕ್ಕೆ ನೆಲ ಹಿಡಿಯೋ ಹೊತ್ತಿಗೆ ಬೆಳಗಾವಿಯ ಪುರಸಭೆಯಿಂದ ಜಾಗ ಖಾಲಿ ಮಾಡಿ ಅಂತ ಆದೇಶ ಬಂತು. ಊರಿನ ಹೊಸ ಬಡಾವಣೆಗೆ ಆ ಜಾಗ ಬೇಕಿತ್ತು. ನಲವತ್ತರ ವಯಸ್ಸು, ಮನೆ ತುಂಬ ಮಂದಿ, ಯಂತ್ರಗಳಿವೆ, ಇಡೋಕೆ ನೆಲವಿಲ್ಲ. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ಸ್ಟೇಷನ್ ಪಕ್ಕ 32 ಎಕರೆ ನೆಲ, 10,000 ರೂಪಾಯಿ ಸಾಲ ಕೊಟ್ಟರು. ನೆಲ ಅಂದರೆ ಬರೀ ಪಾಪಾಸುಕಳ್ಳಿ, ನಾಗರಹಾವು.

ಬೆಳಗಾವಿಯಿಂದ ಅಲ್ಲಿಗೆ ಹೋಗೋ ರೈಲು ದಾರಿ ನಮ್ಮ ಊರುಗಳ ನಡುವೆಯೇ ಇದೆ. ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಕೃಷ್ಣಾ ಸೇತುವೆ ದಾಟಿದರೆ ಉಗಾರ, ಶೇಡಬಾಳ, ಆಮೇಲೆ ಮೀರಜ್, ಸಾಂಗಲಿ. ಅದರಾಚೆ ಸ್ವಲ್ಪ ದೂರದಲ್ಲಿ ಬರೋ ಆ ಸ್ಟೇಷನ್ನಿಗೆ ಈಗ ಕಿರ್ಲೋಸ್ಕರವಾಡಿ ಅಂತ ಹೆಸರು. 1910ರ ಮಾರ್ಚ್ 10ರಂದು ಅಲ್ಲಿ ಕೆಲಸ ಶುರುವಾಯ್ತು. ಕಳ್ಳಿ ಕಡಿದರು, ಶೆಡ್ ಹಾಕಿದರು, ಮನೆ ಕಟ್ಟಿದರು. ಜಾತಿ ನೋಡದೆ ಎಲ್ಲರಿಗೂ ಕೆಲಸ ಕೊಟ್ಟರು. ಜೈಲು ಕಂಡು ಬಂದವರನ್ನೇ ರಾತ್ರಿ ಕಾವಲಿಗೆ ಇಟ್ಟರು.

ಮೊದಲ ಮಹಾಯುದ್ಧ ಬಂದಾಗ ವಿದೇಶಿ ನೇಗಿಲು ಬರೋದು ನಿಂತಿತು. ಕಿರ್ಲೋಸ್ಕರ್ ನೇಗಿಲಿಗೆ ಬೇಡಿಕೆ ಏರಿತು, ಆದರೆ ಎರಕಕ್ಕೆ ಕಬ್ಬಿಣವೇ ಸಿಗದು. ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಕೋಟೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೇ ತೋಪುಗಳನ್ನ ಕೊಡಿಸಿದರು. ತೋಪು ಕರಗಿ ನೇಗಿಲಾಯ್ತು.

ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಓದಿ 1926ರಲ್ಲಿ ಪದವಿ ಪಡೆದರು, ವಾಪಸ್ ಬಂದು ಕಿರ್ಲೋಸ್ಕರವಾಡಿಯಲ್ಲೇ ಕೆಲಸಕ್ಕೆ ನಿಂತರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಅಲ್ಲಿನ ಲೇತ್‌ಗಳು ಕರ್ನಾಟಕದ ಎಷ್ಟೋ ಕಾಲೇಜು ವರ್ಕ್‌ಶಾಪ್‌ಗಳನ್ನ ಸೇರಿದವು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದಾಗ, ಅವರ ಹೆಸರಲ್ಲಿ ಅಂಚೆ ಚೀಟಿ ಬಂತು.

ಹಾಗಾದರೆ ಲಕ್ಷ್ಮಣರಾವ್ ಯಾವ ಪಾಸಿಂಗ್? ಮನೆಮಾತು ಮರಾಠಿ. ಹುಟ್ಟಿದ್ದು, ಅಂಗಡಿ ಇಟ್ಟಿದ್ದು ಈಗಿನ ಕರ್ನಾಟಕದಲ್ಲಿ. ಕಾರ್ಖಾನೆ ಬೆಳೆದದ್ದು ಈಗಿನ ಮಹಾರಾಷ್ಟ್ರದಲ್ಲಿ. ಗಡಿಯಲ್ಲಿ ಬೆಳೆದ ನಮಗೆ ಈ ಪ್ರಶ್ನೆಯ ಬಿಸಿ ಚೆನ್ನಾಗಿ ಗೊತ್ತು. ಆದರೆ ಅವರ ನೇಗಿಲು ಹೊಲಕ್ಕೆ ಇಳಿಯುವಾಗ ಯಾವ ಎತ್ತೂ ಇದನ್ನ ಕೇಳಿರಲಿಕ್ಕಿಲ್ಲ.

ನಮ್ಮಲ್ಲಿ ಎಷ್ಟೋ ಜನ ಓದು ಮುಗಿಸಿ ಪುಣೆಗೆ, ಬೆಂಗಳೂರಿಗೆ, ಜರ್ಮನಿಗೆ ಹೋಗೋ ಯೋಚನೆಯಲ್ಲಿದ್ದೀವಿ. ಹೋಗೋದು ತಪ್ಪಲ್ಲ. ಲಕ್ಷ್ಮಣರಾವ್ ಸಹ ಹೊರಗಿನ ಸೈಕಲ್‌ನಿಂದಲೇ ಶುರು ಮಾಡಿದ್ದು. ನಮ್ಮ ಗೆಳೆಯನಿಗೆ ಕೊನೆಗೂ ಕೆಎ-23 ನಂಬರ್ ಸಿಕ್ತು, ಪಾರ್ಟಿಯೂ ಆಯ್ತು. ಆದರೆ ಆ ಬೈಕಿನ ಕಾರ್ಬುರೇಟರ್ ಬಿಚ್ಚಿ ಮತ್ತೆ ಜೋಡಿಸೋಕೆ ಮೆಕ್ಯಾನಿಕಲ್ ಓದ್ತಿರೋ ನಮ್ಮ ಐವರಲ್ಲಿ ಒಬ್ಬರಿಗೂ ಬರಲ್ಲ. ಕಾಗದದಲ್ಲಿ ಅದು ನಮ್ಮದು, ಕೈಯಲ್ಲಿ ಇನ್ನೂ ಪರದೇಶಿ. ಮುಂದಿನ ಶನಿವಾರ ಸ್ಪ್ಯಾನರ್ ಹಿಡಿದು ಕೂತ್ಕೊಳ್ಳೋಣ ಅಂತ ಮಾತಾಡಿದ್ದೀವಿ. ಬರೋರು ಹಾಸ್ಟೆಲ್ ಹಿಂದಿನ ಶೆಡ್ಡಿಗೆ ಬನ್ನಿ.