ಗುಮಾಸ್ತನಿಗೂ ತಿಳಿಯುವ ಗಣಕಭಾಷೆ

ಆಡಳಿತದ ಭಾಷೆ ಯಾರಿಗೆ ಅರ್ಥವಾಗಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ಗಣಕಯಂತ್ರಗಳ ಲೋಕದಲ್ಲಿ ಈ ಪ್ರಶ್ನೆಯನ್ನು ಎತ್ತಿ, ಅದಕ್ಕೆ ಉತ್ತರವನ್ನೂ ಹುಡುಕಿದವರು ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್.

1906ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಹಾಪರ್, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಅವರು ಯುದ್ಧಕಾಲದಲ್ಲಿ, 1943ರಲ್ಲಿ, ನೌಕಾದಳದ ಮೀಸಲು ಪಡೆಯನ್ನು ಸೇರಿದರು. ಮರುವರ್ಷ ಹಾರ್ವರ್ಡ್‌ನ ಮಾರ್ಕ್-1 ಯಂತ್ರದ ಕೆಲಸ ಅವರ ಪಾಲಿಗೆ ಬಂತು.

ಅಂದು ಯಂತ್ರದೊಡನೆ ಅಂಕಿ-ಸಂಕೇತಗಳಲ್ಲೇ ವ್ಯವಹರಿಸಬೇಕಿತ್ತು. ಸಂಬಳ, ದಾಸ್ತಾನುಗಳ ಲೆಕ್ಕ ಬರೆಯುವವರಿಗೆ ಅದು ಎಟುಕದು ಎಂಬುದನ್ನು ಹಾಪರ್ ಕಂಡರು. ಸಾಮಾನ್ಯ ಇಂಗ್ಲಿಷ್ ಪದಗಳಲ್ಲೇ ಆದೇಶ ನೀಡಬಹುದೆಂಬ ಅವರ ವಾದವನ್ನು ಒಪ್ಪಿದವರು ಮೊದಲು ವಿರಳ. ಆದರೂ 1952ರಲ್ಲಿ ಎ-0 ಎಂಬ ಕಂಪೈಲರನ್ನೂ, ಅದೇ ದಶಕದಲ್ಲಿ ಫ್ಲೋ-ಮ್ಯಾಟಿಕ್ ಭಾಷೆಯನ್ನೂ ರೂಪಿಸಿ ತೋರಿಸಿದರು.

1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸರ್ಕಾರ ಮತ್ತು ಕಂಪನಿಗಳ ಪ್ರತಿನಿಧಿಗಳು ಸಭೆ ಸೇರಿ, ಎಲ್ಲ ಯಂತ್ರಗಳಿಗೂ ಒಗ್ಗುವ ಒಂದು ವಾಣಿಜ್ಯ ಭಾಷೆ ಬೇಕೆಂದು ನಿರ್ಧರಿಸಿದರು. ಹೀಗೆ ಹುಟ್ಟಿದ್ದು ಕೋಬಾಲ್. ಇದು ಹಾಪರ್ ಒಬ್ಬರ ಕೃತಿಯಲ್ಲ; ಜೀನ್ ಸ್ಯಾಮೆಟ್ ಮುಂತಾದವರೂ ಅದರ ಶಿಲ್ಪಿಗಳು. ಆದರೆ ಅದರ ಬುನಾದಿಯಲ್ಲಿದ್ದುದು ಫ್ಲೋ-ಮ್ಯಾಟಿಕ್. 1960ರ ಡಿಸೆಂಬರಿನಲ್ಲಿ ಒಂದೇ ಕಾರ್ಯಕ್ರಮ ಎರಡು ಕಂಪನಿಗಳ ಯಂತ್ರಗಳಲ್ಲಿ ನಡೆದು ಈ ಪ್ರಯತ್ನ ಸಾರ್ಥಕವಾಯಿತು.

1986ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಹುದ್ದೆಯಿಂದ ನಿವೃತ್ತರಾದ ಹಾಪರ್ 1992ರ ಜನವರಿ 1ರಂದು ತೀರಿಕೊಂಡರು. ಆ ಹೊತ್ತಿಗಾಗಲೇ ಹಳೆಯದೊಂದು ಮಿತವ್ಯಯ ಸಂಕಟ ತರಲು ಕಾದಿತ್ತು. ಎಂಬತ್ತು ಅಕ್ಷರಗಳಷ್ಟೇ ಹಿಡಿಯುವ ಪಂಚ್ ಕಾರ್ಡಿನ ಕಾಲದಲ್ಲಿ ಇಸವಿಗೆ ಎರಡೇ ಅಂಕಿ ಬಳಸುವುದು ರೂಢಿಯಾಗಿತ್ತು. 2000ನೇ ಇಸವಿ ಸಮೀಪಿಸಿದಾಗ ಆ ಲೆಕ್ಕಗಳನ್ನು ತಿದ್ದುವ ಕೆಲಸದ ಒಂದು ಪಾಲು ಬೆಂಗಳೂರಿನ ಕಂಪನಿಗಳಿಗೂ ಬಂತು. ಯಾರೋ ಎಂದೋ ಬರೆದಿಟ್ಟದ್ದನ್ನು ಇಲ್ಲಿನ ತರುಣರು ಓದಿ ತಿದ್ದಲು, ಓದಬಲ್ಲ ಆ ಭಾಷೆಯೂ ನೆರವಾಯಿತು.

ಕಡತಕ್ಕೂ ಇದೇ ಮಾತು ಸಲ್ಲುತ್ತದೆ. ಇಂದಿನ ಅಧಿಕಾರಿ ಬರೆದದ್ದು ನಾಳೆ ಬರುವವನಿಗೂ, ಅದರ ಫಲ ಉಣ್ಣುವ ಪ್ರಜೆಗೂ ತಿಳಿಯಬೇಕು. ಗಂಗಾವತಿ ಸೀಮೆಯ ಹೇಮಗುಡ್ಡದ ರೈತ ಗಣಕೀಕೃತ ಪಹಣಿಯನ್ನು ಕನ್ನಡದಲ್ಲೇ ಪಡೆಯುತ್ತಾನೆ. ಅದರ ತಂತ್ರಾಂಶ ಬೇರೆಯಾದರೂ ಆಶಯ ಹಾಪರ್ ಅವರದೇ. ಆ ಪಹಣಿಯ ಮೇಲೆ ಹೊರಡುವ ಆದೇಶವೂ ಆತನಿಗೆ ಅರ್ಥವಾಗುವಂತಿರಬೇಕು. ಆ ಹೊಣೆ ಯಂತ್ರದ್ದಲ್ಲ, ನಮ್ಮದು.